ಇಡ್ಲಿ ಉದ್ಯಾ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪಕ್ಕದ ಫ್ಲ್ಯಾಟಿನ ಆಂಟಿ ಬಟಾಣಿ ಸುಲಿಯೋದು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ, ಮಗಳ ಹೋಮ್‌ವರ್ಕ್ ಕೇಳೋದು ಫೋನಲ್ಲಿ, ಗಂಡನಿಗೆ ಬೈಯೋದು ಎರಡರ ಮಧ್ಯೆ. ಏನು ಕೇಳಿದ್ರೂ ಒಂದೇ ಮಾತು: “ಎಲ್ಲ ಸೆಟ್ ಉಂಟು ಮಾರಾಯ.”

ಒಂದು ಸಲ ಊರಿಂದ ಅವರ ಅತ್ತೆ ಬರೋರಿದ್ರು. ಆಫೀಸಿಗೆ ಹೋಗೋ ಸೊಸೆ ಒಂದು ಇಡ್ಲಿ ಸಹ ಮಾಡಲ್ಲ ಅಂತ ಊರೆಲ್ಲ ಡಂಗುರ ಸಾರಿದ ಅತ್ತೆ. ಈ ಸಲ ಆ ಬಾಯಿಗೆ ಮಲ್ಲಿಗೆಯಂಥ ಇಡ್ಲಿ ತುರುಕಲೇಬೇಕು ಅಂತ ಆಂಟಿಗೆ ಹಟ. ಹಿಂದಿನ ದಿನ ಬೆಳಿಗ್ಗೆ ಗಡಿಬಿಡೀಲಿ ಮರೆತು, ಟ್ರೇನಿಂದ ನಂಗೆ ಫೋನ್ ಮಾಡಿದ್ರು: “ಅಕ್ಕಿ, ಉದ್ದು ನೆನೆಹಾಕು!”

“ಅಂಕಲ್ ರಜೆ ಹಾಕಿ ಮನೇಲೇ ಇದ್ದಾರಲ್ಲ ಆಂಟಿ?”

“ಅವರಿಗೆ ಮೊದಲು ಅಡಿಗೆಮನೆ ಎಲ್ಲುಂಟು ಅಂತ ಹೇಳ್ಬೇಕು!”

ಇಲ್ಲೇ ಹುಟ್ಟಿ ಬೆಳೆದ ನನ್ನ ಕಿವಿಗೆ ಉದ್ದು ಹೋಗಿ ಮರಾಠಿಯ ‘ಉದ್ಯಾ’ ಬಿತ್ತು. ಉದ್ಯಾ ಅಂದ್ರೆ ನಾಳೆ. ಅಕ್ಕಿ ನೆನೆಹಾಕೋದು ನಾಳೆ ತಾನೇ ಅಂತ ನಾನು ಅಂಕಲ್ ಜೊತೆ ಕ್ರಿಕೆಟ್ ನೋಡ್ತಾ ಕೂತೆ. ಸಂಜೆ ಆಂಟಿ ಬಂದು ಖಾಲಿ ಪಾತ್ರೆ ನೋಡಿದ್ರು, ನನ್ನ ‘ಉದ್ಯಾ’ ಕತೆ ಕೇಳಿದ್ರು, ಆಮೇಲೆ ನಮ್ಮಿಬ್ಬರನ್ನ ನೋಡಿದ್ರು. “ಒಂದು ಗಂಡಸು ಸಾಲದೂಂತ ಇನ್ನೊಂದನ್ನ ನಂಬಿದೆನಲ್ಲ!”

ಮರುದಿನ ಅತ್ತೆ ಮುಂದೆ ಬಂದದ್ದು ಅಂಕಲ್ ಕೆಳಗಿನ ಗಾಡಿಯಿಂದ ತಂದ ವಡಾಪಾವ್. “ಎಲ್ಲ ಸೆಟ್ ಉಂಟು ಅತ್ತೆ. ಇಡ್ಲಿ ಉದ್ಯಾ.”

ಅತ್ತೆ ಅನುಮಾನದಿಂದ ಒಂದು ತಿಂದ್ರು. ಆಮೇಲೆ ಇನ್ನೊಂದು ತಿಂದ್ರು. “ಉದ್ಯಾ ಅಂದ್ರೆ ಎಂತ?”

“ನಾಳೆ.”

“ಹಾಗಾದ್ರೆ ಉದ್ಯಾ ಸಹ ಇದೇ ಇರ್ಲಿ. ತರ್ಲಿಕ್ಕೆ ನನ್ನ ಮಗನನ್ನೇ ಕಳಿಸು. ಅವನಿಗೆ ಅಡಿಗೆಮನೆ ಗೊತ್ತಿಲ್ಲದಿದ್ರೂ ಗಾಡಿ ಗೊತ್ತುಂಟು.”