ಓದದೆ ಬಿಟ್ಟ ಪುಟಗಳು

ಕಣ್ಣು ಕಾಣದ ಮಕ್ಕಳ ಆ ಶಾಲೆಯಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದವನು ಬಹುಶಃ ಹಾಜರಿ ಬರೆದುಕೊಳ್ಳುವ ಗುಮಾಸ್ತ ಒಬ್ಬನೇ. ಉಳಿದವರಿಗೆಲ್ಲ ಅವರು ಓದಮ್ಮ. ಮಹಡಿಯ ಮೇಲೆ, ಸದ್ದು ಹೊರಹೋಗದಂತೆ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದ ಒಂದು ಚಿಕ್ಕ ಕೋಣೆಯಲ್ಲಿ ಕೂತು, ಮಕ್ಕಳಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು ಅವರ ಕೆಲಸ. ಗಾಜಿನ ಆಚೆ ಕೂತು ಅದನ್ನು ರೆಕಾರ್ಡ್ ಮಾಡುವವನು ಮೈಕಣ್ಣ. ಹದಿನೇಳು ವರ್ಷದಲ್ಲಿ ಇಬ್ಬರೂ ಸೇರಿ ಒಂದು ಗೋಡೆ ತುಂಬುವಷ್ಟು ಪುಸ್ತಕ ಮುಗಿಸಿದ್ದರು. ಕಾಲು ಗೋಡೆಯಷ್ಟು ಜಗಳವನ್ನೂ ಆಡಿದ್ದರು.

ಈ ಓದಿಗೆ ಒಂದು ಶಿಸ್ತಿದೆ. ಇಬ್ಬರೂ ಪುಸ್ತಕವನ್ನು ಮೊದಲೇ ಒಮ್ಮೆ ಓದಿಕೊಂಡಿರಬೇಕು. ಪ್ರತಿ ಪುಟಕ್ಕೂ ಮೊದಲು ಅದರ ಸಂಖ್ಯೆ ಹೇಳಬೇಕು. ನಗು ಬಂದರೆ ತಡೆದುಕೊಳ್ಳಬೇಕು, ಅಳು ಬಂದರೆ ನೀರು ಕುಡಿಯಬೇಕು. ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. ಕಣ್ಣಿದ್ದವರು ಪುಟ ತಿರುಗಿಸಿ ತಾವೇ ನೋಡಿಕೊಳ್ಳುತ್ತಾರೆ, ಈ ಮಕ್ಕಳಿಗೆ ನಾವು ಓದಿದ್ದಷ್ಟೇ ಪುಸ್ತಕ ಎಂದು ಹೊಸದಾಗಿ ಬಂದವರಿಗೆ ಪಾಠ ಹೇಳುತ್ತಿದ್ದವರೂ ಓದಮ್ಮನೇ. ಊರಿಗೆಲ್ಲ ಬುದ್ಧಿ ಹೇಳುವವರು ತಾವೆಲ್ಲಿ ಎಡವುತ್ತೇವೆ ಎಂಬುದನ್ನು ಎಡವಿದ ಮೇಲೆಯೇ ತಿಳಿಯುತ್ತಾರೆ.

ಆ ಸಲ ಓದಲು ಬಂದದ್ದು ಒಂದು ತೆಳ್ಳನೆಯ ಕಾದಂಬರಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಒಬ್ಬ ಹುಡುಗಿ, ಅವಳಿಗೊಬ್ಬ ಸದಾ ಕಾಯಿಲೆಯ ಪುಟ್ಟ ತಮ್ಮ. ನಲವತ್ತನೆಯ ಪುಟದವರೆಗೆ ಓದಮ್ಮ ನೀರು ಕುಡಿದಷ್ಟು ಸಲೀಸಾಗಿ ಓದಿದರು. ನಲವತ್ತೊಂದಕ್ಕೆ ಬಂದಾಗ ಬಾಯಿ ಕಟ್ಟಿತು. ಅಲ್ಲಿ, ಮನೆಯವರೆಲ್ಲ ತಮ್ಮನ ಸುತ್ತ ನಿಂತಿರುವಾಗ, ಆ ಹುಡುಗಿ ಮೂಲೆಯಲ್ಲಿ ಕೂತು ಇವನು ಸತ್ತುಹೋಗಲಿ ಎಂದುಕೊಳ್ಳುತ್ತಾಳೆ. ಬರೆದವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಲಿಲ್ಲ. ಸಾಯಲಿ ಎಂದೇ ಬರೆದಿದ್ದರು. ವಾರದೊಳಗೆ ಅವನು ಸತ್ತೂ ಹೋಗುತ್ತಾನೆ.

“ಇದನ್ನ ಬಿಟ್ಬಿಡೋಣ,” ಎಂದರು ಓದಮ್ಮ.

ಮೈಕಣ್ಣ ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದ. “ಏನನ್ನ?”

“ಈ ಆರು ಪುಟ. ಆಮೇಲೆ ಕೊನೇಲಿ ಒಂದು ನಾಲ್ಕು. ಎಣಿಕೆ ಇದಾಳಲ್ಲಪ್ಪ, ತಮ್ಮನ್ನ ಕಳ್ಕೊಂಡು ಇನ್ನೂ ನಾಲ್ಕು ತಿಂಗಳಾಗಿಲ್ಲ. ಅವಳ ಕಿವಿಗೆ ಇದು ಬೀಳ್ಬೇಕಾ?”

ಎಣಿಕೆ ಎಂದರೆ ಆರನೆಯ ತರಗತಿಯ ಹುಡುಗಿ. ಮೆಟ್ಟಿಲು, ಕಂಬ, ಹೆಜ್ಜೆ ಎಲ್ಲವನ್ನೂ ಎಣಿಸಿಕೊಂಡೇ ಓಡಾಡುವವಳೆಂದು ಜೊತೆಯ ಮಕ್ಕಳು ಇಟ್ಟ ಹೆಸರು. ತಮ್ಮ ಹೋದ ಮೇಲೆ ಅವಳು ಮಾತು ಬಿಟ್ಟಿದ್ದಳು, ಆಮೇಲೆ ಊಟ ಬಿಟ್ಟಳು. ತಟ್ಟೆಯ ಮುಂದೆ ಕೂತು ಎರಡು ತುತ್ತಿಗೇ ಎದ್ದುಬಿಡುವಳು. ವಾರ್ಡನ್ ಗದರಿದ್ದಾಯಿತು, ಡಾಕ್ಟರು ಟಾನಿಕ್ ಬರೆದುಕೊಟ್ಟಿದ್ದಾಯಿತು. ಹೀಗೇ ಆದರೆ ಮಗು ಕೈಗೆ ಸಿಗಲ್ಲ ಎಂದು ಅಡುಗೆಯವಳು ಮುಚ್ಚುಮರೆಯಿಲ್ಲದೆ ಹೇಳಿದ್ದಳು.

“ಕೊನೇದನ್ನ ಯಾಕೆ ಬಿಡೋದು? ಅಲ್ಲಿ ಅವರತ್ತೆ ಆ ಹುಡುಗೀಗೆ ಸಮಾಧಾನ ಹೇಳ್ತಾಳಲ್ಲ.”

“ಗಾಯಾನೇ ಇಲ್ಲ ಅಂದ್ಮೇಲೆ ಪಟ್ಟಿ ಯಾಕೆ ಬೇಕು? ನೀನು ಗುಂಡಿ ಒತ್ತು.”

ಮೈಕಣ್ಣ ಗುಂಡಿ ಒತ್ತಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಓದಮ್ಮ ಸಮಾಧಾನ ಪಟ್ಟುಕೊಂಡರು. ಆದರೆ ಹದಿನೇಳು ವರ್ಷದ ಅಭ್ಯಾಸ ನಾಲಿಗೆಯ ಮೇಲೆ ಕೂತಿತ್ತು. ನಲವತ್ತನೆಯ ಪುಟ ಮುಗಿದ ಕೂಡಲೇ ಆ ನಾಲಿಗೆ ಪುಸ್ತಕದಲ್ಲಿದ್ದ ಸಂಖ್ಯೆಯನ್ನೇ ಪ್ರಾಮಾಣಿಕವಾಗಿ ಹೇಳಿತು: ಪುಟ ನಲವತ್ತೇಳು. ಕೊನೆಯಲ್ಲೂ ಅಷ್ಟೇ, ಎಂಬತ್ತೆಂಟಾದ ಮೇಲೆ ತೊಂಬತ್ತಮೂರು. ಅವರಿಗಾಗಲಿ ಮೈಕಣ್ಣನಿಗಾಗಲಿ ಇದು ಹೊಳೆಯಲೇ ಇಲ್ಲ.

ಎರಡು ವಾರ ಕಳೆದು ಒಂದು ಶನಿವಾರ ಮಧ್ಯಾಹ್ನ ಎಣಿಕೆ ಒಬ್ಬಳೇ ಮಹಡಿ ಹತ್ತಿ ಬಂದಳು. ಶನಿವಾರ ಅವಳನ್ನು ಮನೆಗೆ ಕರೆದೊಯ್ಯಲು ಅಮ್ಮ ಬರುತ್ತಾಳೆ; ಅದಕ್ಕಿನ್ನೂ ಒಂದು ಗಂಟೆಯಿತ್ತು. ಮೈಕಣ್ಣ ಊಟಕ್ಕೆ ಹೋಗಿದ್ದ.

“ಓದಮ್ಮ, ನಲವತ್ತಾದ್ಮೇಲೆ ನಲವತ್ತೇಳು ಅಂದ್ರಿ. ಮಧ್ಯದ್ದೆಲ್ಲಿ ಹೋಯ್ತು?”

ಓದಮ್ಮನ ಕಣ್ಣು ಕಪಾಟಿನಲ್ಲಿದ್ದ ಆ ಪುಸ್ತಕದ ಕಡೆ ಹೋಯಿತು. “ಅದಾ... ಹಳೇ ಪುಸ್ತಕ ಮಗಾ. ಪುಟ ಹರಿದೋಗಿತ್ತು.”

“ಎಂಬತ್ತೆಂಟಾದ್ಮೇಲೂ ಹರಿದಿತ್ತಾ?”

“ಹೂಂ.”

“ಕೊಡಿ ನೋಡೋಣ.”

ಓದಮ್ಮ ತೆಗೆದುಕೊಟ್ಟರು. ಹುಡುಗಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆಗಳನ್ನು ಒಂದೊಂದಾಗಿ ಸರಿಸಿದಳು. ಮೊದಲ ಹಾಳೆ ಯಾವುದೆಂದು ಕೇಳಿಕೊಂಡು, ಇಪ್ಪತ್ತು ಎಣಿಸಿ ನಿಲ್ಲಿಸಿದಳು. ಹೊಲಿಗೆಯ ಬುಡದಲ್ಲಿ ಉಗುರಾಡಿಸಿದಳು. ಮುಂದಿನ ಮೂರು ಹಾಳೆಗಳನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು.

“ಹರಿದ್ರೆ ಬುಡದಲ್ಲಿ ಚೂರು ಉಳಿಯುತ್ತೆ. ಇಲ್ಲೇನೂ ಹರಿದಿಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಓದಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. “ಅಷ್ಟು ಕೆಟ್ಟದ್ದಾ? ದೊಡ್ಡೋರಿಗೂ ಓದಕ್ಕಾಗದಷ್ಟು?”

ಪುಸ್ತಕ ತೆಗೆದುಕೊಳ್ಳಲು ಓದಮ್ಮ ಕೈ ಚಾಚಿದರು. ಹುಡುಗಿ ಬಿಡಲಿಲ್ಲ.

“ಆ ಹುಡುಗಿ ತಮ್ಮ ಸಾಯ್ಲಿ ಅಂದ್ಕೊಂಡ್ಳು. ಅಲ್ವಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಓದಮ್ಮನ ಕೈ ತಮ್ಮದೇ ಕತ್ತಿಗೆ ಹೋಯಿತು. ಯಾವುದು ಆ ಮಗುವಿನ ಕಿವಿಗೆ ಬೀಳಬಾರದು ಎಂದುಕೊಂಡಿದ್ದರೋ ಅದು ಅವಳೊಳಗೇ ಇತ್ತು. ತಾವು ಮಾಡಿದ್ದೇನು? ಇದು ಬಾಯಲ್ಲಿ ಹೇಳಲೂ ಆಗದಂಥ ಪಾಪ ಎಂದು ಅವಳಿಗೆ ರೆಕಾರ್ಡ್ ಮಾಡಿ ಕಳಿಸಿದ್ದರು.

“ಕೂತ್ಕೋ. ಓದ್ತೀನಿ.”

ಮೈಕು ಇಲ್ಲದೆ, ಸಂಖ್ಯೆ ಹೇಳದೆ ಆರು ಪುಟ ಓದಿದರು. ಸಾಯಲಿ ಎಂಬಲ್ಲಿ ದನಿ ಒಡೆಯಿತು. ನೀರು ಕುಡಿಯದೆ ಹಾಗೇ ಮುಂದುವರಿಸಿದರು. ಕೊನೆಯ ನಾಲ್ಕು ಪುಟವನ್ನೂ ಓದಿದರು. ಅಲ್ಲಿ ಆ ಹುಡುಗಿಯ ಅತ್ತೆ ಒದ್ದೆ ಬಟ್ಟೆ ಹರವುತ್ತ ಹೇಳುತ್ತಾಳೆ: ಮನಸ್ಸಿಗೆ ಬರೋದಕ್ಕೆಲ್ಲ ಕೈಕಾಲಿರಲ್ಲ ಕಣೇ, ಅದು ಎದ್ದು ಹೋಗಿ ಯಾರನ್ನೂ ಕೊಲ್ಲಲ್ಲ. ರೋಗದಿಂದ ಸತ್ತ ಅವನು, ನಿನ್ನಿಂದಲ್ಲ.

ಎಣಿಕೆ ಮೈಯೆಲ್ಲ ಕಿವಿಯಾಗಿ ಕೇಳಿದಳು. ಕೇಳಿ ಮುಗಿಸಿ, “ಇದು ಕತೆ ಬರೆದೋರು ಹೇಳಿದ್ದು. ಅವರಿಗೇನ್ ಗೊತ್ತು?” ಎಂದಳು.

ನಿಜ, ಅವರಿಗೇನು ಗೊತ್ತು. ಅಚ್ಚಾದ ಮಾತು ಅಲ್ಲಿಗೆ ಮುಗಿದಿತ್ತು. ಇನ್ನು ಓದಲು ಏನೂ ಇರಲಿಲ್ಲ. ಓದಮ್ಮ ಪುಸ್ತಕ ಮುಚ್ಚಿದರು.

“ನಂಗೆ ಗೊತ್ತು,” ಎಂದರು. “ನಾನೂ ಅಂದ್ಕೊಂಡಿದ್ದೆ. ಒಂಬತ್ತು ವರ್ಷ ನಂಗೆ. ತೊಟ್ಟಿಲಲ್ಲಿ ತಮ್ಮ. ಹಗಲೂ ರಾತ್ರಿ ಅಳ್ತಿದ್ದ. ಅಮ್ಮ ನನ್ ಕಡೆ ತಿರುಗ್ತಾನೇ ಇರ್ಲಿಲ್ಲ. ಇದು ಸತ್ರೆ ಸಾಕು ಅಂತ ದಿಂಬಿಗೆ ಬಾಯಿಟ್ಟು ಹೇಳ್ದೆ. ಹನ್ನೊಂದು ದಿನಕ್ಕೆ ಜ್ವರ ಬಂತು. ಹೋಗ್ಬಿಟ್ಟ.”

ಐವತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಅರ್ಧ ನಿಮಿಷದಲ್ಲಿ ಹೊರಬಂತು. ಗಂಡನಿಗೆ ಹೇಳಿರಲಿಲ್ಲ. ಹೆತ್ತ ಮಗಳಿಗೆ ಹೇಳಿರಲಿಲ್ಲ. ಆ ಪುಟಗಳಿಗೆ ಬಾಯಿ ಕಟ್ಟಿದ್ದು ಎಣಿಕೆಯ ಸಲುವಾಗಿ ಮಾತ್ರ ಅಲ್ಲ ಎಂಬುದನ್ನು ಈಗ ತಮಗೆ ತಾವೇ ಒಪ್ಪಿಕೊಂಡರು.

“ನಿಮ್ಮಮ್ಮಂಗೆ ಹೇಳಿದ್ರಾ?”

“ಇಲ್ಲ. ಅವಳಿಗೆ ಗೊತ್ತಾಗೋಗಿದೆ ಅಂತ್ಲೇ ಅಂದ್ಕೊಂಡಿದ್ದೆ. ಅವನು ಹೋದ್ಮೇಲೆ ಅವಳು ನನ್ ಮುಖ ನೇರ ನೋಡಿದ್ದೇ ಇಲ್ಲ. ತಲೆ ಬಾಚೋವಾಗ್ಲೂ ಬೆನ್ನ ಹಿಂದೆ ಕೂತ್ಕೋತಿದ್ಲು. ಸಾಯೋವರೆಗೂ ಹಾಗೇ.”

“ನಮ್ಮಮ್ಮಾನೂ ನನ್ನ ಮುಟ್ಟಲ್ಲ. ಮೊದ್ಲು ದಾರಿ ಉದ್ದಕ್ಕೂ ಕೈ ಹಿಡ್ಕೋತಿದ್ಲು. ಈಗ ಬ್ಯಾಗಿನ ಪಟ್ಟಿ ಕೊಡ್ತಾಳೆ, ಹಿಡ್ಕೋ ಅಂತಾಳೆ. ಅವಳಿಗೆ ಗೊತ್ತಾಗಿದೆ.” ಆಮೇಲೆ ಕೇಳಿದಳು, “ನಾನು ಹೇಳ್ಲಾ ಅವಳಿಗೆ?”

ಹೇಳು ಎನ್ನಲು ಓದಮ್ಮನಿಗೆ ಧೈರ್ಯ ಬರಲಿಲ್ಲ. ಮಗ ಹೋದ ದುಃಖದಲ್ಲಿರುವ ತಾಯಿ ಏನೆಂದಾಳೋ. ಒಂದೇ ಒಂದು ಮಾತು ಒರಟಾಗಿ ಬಂದರೂ ಈ ಹುಡುಗಿ ಉಳಿಯುವುದಿಲ್ಲ. ಬೇಡ ಎಂದರೋ, ತಮ್ಮ ಐವತ್ತೆಂಟು ವರ್ಷವನ್ನು ಎತ್ತಿ ಅವಳ ತಲೆಯ ಮೇಲೆ ಇಟ್ಟಂತೆ. ಅತ್ತ ದರಿ ಇತ್ತ ಪುಲಿ. “ನಾನು ಪಕ್ಕದಲ್ಲೇ ಇರ್ತೀನಿ,” ಎಂದಷ್ಟೇ ಹೇಳಿದರು.

ಎಣಿಕೆಯ ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ತೋಳಿಗೆಲ್ಲ ದಾರದ ಚೂರು ಅಂಟಿತ್ತು. ಕೆಳಗಿನ ಪಡಸಾಲೆಯ ಬೆಂಚಿನ ಹತ್ತಿರ ನಿಂತು, ಹೊತ್ತಾಯಿತೆಂದು ಬ್ಯಾಗಿನ ಪಟ್ಟಿಯನ್ನು ಮಗಳ ಕಡೆ ಚಾಚಿದಳು. ಎಣಿಕೆ ಹಿಡಿಯಲಿಲ್ಲ.

“ಅಮ್ಮ, ತಮ್ಮ ಸಾಯ್ಲಿ ಅಂತ ನಾನು ಅಂದ್ಕೊಂಡಿದ್ದೆ.”

ಅಮ್ಮ ಓದಮ್ಮನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಕೆಟ್ಟೆ, ಮಗುವನ್ನು ಬಾವಿಗೆ ತಳ್ಳಿಬಿಟ್ಟೆ ಎಂದುಕೊಂಡರು ಓದಮ್ಮ.

“ಯಾವಾಗ?” ಎಂದಳು ಅಮ್ಮ ಕೊನೆಗೆ.

“ಆಸ್ಪತ್ರೇಲಿ. ನೀನು ಅವನನ್ನ ಎತ್ಕೊಂಡು ಅಲ್ಲಿಂದಿಲ್ಲಿಗೆ ನಡೀತಿದ್ಯಲ್ಲ, ಆವಾಗ.”

ಅಮ್ಮ ಬೆಂಚಿನ ಮೇಲೆ ಕೂತಳು. “ಆವಾಗ ನಾನೂ ಅದನ್ನೇ ಅಂದ್ಕೋತಿದ್ದೆ ಮಗಳೇ,” ಎಂದಳು. “ಅವನ ನರಳಾಟ ನೋಡಕ್ಕಾಗ್ದೆ. ದೇವರೇ ಸಾಕು, ಕರ್ಕೊಂಬಿಡು ಅಂತ. ನನ್ನ ನಿದ್ದೆಗೋಸ್ಕರಾನೂ ಅಂದ್ಕೊಂಡೆ, ಸುಳ್ಳು ಹೇಳಲ್ಲ. ನಿಂಗೆ ಕೈ ಮುಟ್ಟಿದ್ರೆ ಸಾಕು, ಎಲ್ಲಾ ತಿಳ್ದೋಗುತ್ತೆ. ಅದಕ್ಕೇ ಮುಟ್ಟಲಿಲ್ಲ.”

ಎಣಿಕೆ ಕೈ ಚಾಚಿ ಅಮ್ಮನ ಕೈಯನ್ನು ಹುಡುಕಿದಳು. ಇಬ್ಬರೂ ಅತ್ತರು. ಆ ಅಳುವಿನಲ್ಲಿ ನೆಮ್ಮದಿ ಎಷ್ಟಿತ್ತೋ, ಹುಡುಗಿ ಆ ದಿನ ಊಟ ಮಾಡಿದಳೋ ಇಲ್ಲವೋ, ಓದಮ್ಮನಿಗೆ ಗೊತ್ತಿಲ್ಲ. ಅವರು ಅಲ್ಲಿ ನಿಲ್ಲಲಿಲ್ಲ. ಮಹಡಿ ಹತ್ತಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಬೆನ್ನ ಹಿಂದೆ ಕೂತು ತಲೆ ಬಾಚುತ್ತಿದ್ದ ಅಮ್ಮ ಮಗಳ ಮುಖವನ್ನು ನೋಡಲಾರದೆ ಹಾಗೆ ಕೂರುತ್ತಿದ್ದಳೋ, ತನ್ನ ಮುಖವನ್ನು ತೋರಿಸಲಾರದೆ ಕೂರುತ್ತಿದ್ದಳೋ. ಕೇಳೋಣವೆಂದರೆ ಈಗ ಯಾರೂ ಇರಲಿಲ್ಲ.