ಕಡಲಿಗೆ ಇನ್ನೂರು ಹೆಜ್ಜೆ

ಮಿತ್ರರೇ, ಎರ್ಮಾಳಿನ ನಮ್ಮ ಹೋಮ್‌ಸ್ಟೇಗೆ ಇವತ್ತು ಬೆಳಿಗ್ಗೆ ಮೈಸೂರಿನಿಂದ ಒಂದು ಸಂಸಾರ ಬಂತು. ಬ್ಯಾಗು ಇಳಿಸಿದ ಯಜಮಾನರು ನೇರ ಸಮುದ್ರದ ಕಡೆ ನಡೆದರು. ಐದೇ ನಿಮಿಷಕ್ಕೆ ಒದ್ದೆ ಪ್ಯಾಂಟಿನಲ್ಲಿ ವಾಪಸ್ ಬಂದರು.

"ಏನ್ರೀ, ಗೇಟಿನ ಬೋರ್ಡಲ್ಲಿ 'ಕಡಲಿಗೆ ಇನ್ನೂರು ಹೆಜ್ಜೆ' ಅಂತ ಬರೆಸಿದ್ದೀರ. ನಾನು ಎಣಿಸಿದೆ, ಅರವತ್ತಕ್ಕೇ ನೀರು ಬಂತು. ಮಿಕ್ಕಿದ ಬೀಚ್ ಎಲ್ಲಿ?"

"ಬೋರ್ಡು ಹಳೆಯದು ಸರ್. ಈಗ ಮಳೆಗಾಲ ಮುಗಿದ ಮೇಲೂ ತೂಫಾನು ಉಂಟು. ಮಿಕ್ಕಿದ್ದನ್ನು ಕಡಲೇ ತೆಗೆದುಕೊಂಡು ಹೋಯಿತು" ಎಂದೆ.

"ಮಕ್ಕಳು ಮರಳಲ್ಲಿ ಆಡ್ಲಿ ಅಂತ ಬಂದ್ವಿ. ಇಲ್ಲಿ ಬರೀ ಬಂಡೆಕಲ್ಲು. ಬಾಡಿಗೆ ಕಡಿಮೆ ಮಾಡ್ಕೊಳ್ಳಿ."

ಮೀನು ಕೊಡಲು ಬಂದಿದ್ದ ಪಕ್ಕದ ಮನೆಯ ಗಿರಿಜಕ್ಕ ಬುಟ್ಟಿ ಕೆಳಗಿಟ್ಟರು. "ನಾವು ದೋಣಿ ಎಳೆದಿಡುವ ಜಾಗವೂ ಅಲ್ಲೇ ಇದ್ದದ್ದು ಮಾರಾಯ್ರೆ. ನಾವು ಯಾರ ಹತ್ತಿರ ಕಡಿಮೆ ಮಾಡಿಸುವುದು?"

ನಾನು ಮಾತು ಬೆಳೆಸದೆ ಬಾಡಿಗೆ ಇಳಿಸಿದೆ. ಈ ವರ್ಷ ಬರುವವರೇ ಕಡಿಮೆ.

ಮಧ್ಯಾಹ್ನದ ಬಂಗುಡೆ ಮೀನಿನ ಪುಳಿಮುಂಚಿ ಸಾರು ಯಜಮಾನರ ಕೋಪವನ್ನು ಕರಗಿಸಿರಬೇಕು. ಈಗ ಸಂಜೆ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ಒಳ್ಳೆಯ ರಿವ್ಯೂ ಬರೆದು, ನನಗೇ ಓದಿ ಹೇಳಿದರು: "ಸಮುದ್ರ ಮನೆಗೆ ತುಂಬ ಹತ್ತಿರ."

ಕಳೆದ ತಿಂಗಳು ಮನೆಗೆ ವಿಮೆ ಮಾಡಿಸಲು ನಾನು ಕರೆಸಿದ್ದ ಏಜೆಂಟರೂ ಇದೇ ಮಾತು ಹೇಳಿದ್ದರು. ಹೇಳಿ, ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದರು.