ಓಕ್ ಮರಕ್ಕೆ ಕಟ್ಟಿದ ಕಟ್ಟೆ

ಅಮೆರಿಕದ ಅಲ್ಫರೆಟಾದ ಆ ಮನೆಯನ್ನು ಶಿವಬಸಪ್ಪ ಕೊಂಡದ್ದು ಹಿತ್ತಲಿನ ಓಕ್ ಮರಕ್ಕಾಗಿ. ಹಟ ಹಿಡಿದವಳು ಹೆಂಡತಿ ನೀಲಗಂಗಾ. ಅಡುಗೆಮನೆ ಇಕ್ಕಟ್ಟು, ಆಫೀಸಿಗೆ ದಿನವೂ ಜಿಎ-400 ಹೆದ್ದಾರಿಯಲ್ಲಿ ತೆವಳಬೇಕು ಎಂದು ಗಂಡ ಗೊಣಗಿದ್ದಕ್ಕೆ, "ಮನಿ ನೀವು ನೋಡ್ರಿ, ನಾ ಗಿಡ ನೋಡೀನಿ, ಸಾಕು," ಎಂದು ಮಾತು ಮುಗಿಸಿದ್ದಳು. ಶಿವಬಸಪ್ಪ ಸೇತುವೆಗಳ ಎಂಜಿನಿಯರು. ಕಾಂಕ್ರೀಟಿನ ವಿಷಯದಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ, ಮಿಕ್ಕ ವಿಷಯಗಳಲ್ಲಿ ಹೆಂಡತಿಯ ಮಾತು ಮೀರುತ್ತಿರಲಿಲ್ಲ.

ಆ ಮನೆಗೆ ಜನ ಬರುತ್ತಿದ್ದದ್ದೂ ಅವಳಿಗಾಗಿಯೇ. ಅವಳ ರೊಟ್ಟಿ, ಅವಳ ಮಾತು, ಅವಳ ನಗು. ಶಿವಬಸಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ತಲೆಯಾಡಿಸಿದರೆ ಅದೇ ಅವನ ಪಾಲಿನ ಆತಿಥ್ಯ. ಕೋವಿಡ್ಡಿಗೆ ಒಂದು ವರ್ಷ ಮುಂಚೆ ನೀಲಗಂಗಾ ಕ್ಯಾನ್ಸರಿನಲ್ಲಿ ತೀರಿಕೊಂಡಳು. ಶಿವಗಣಾರಾಧನೆಯ ದಿನ ಮನೆ ತುಂಬಿತ್ತು. ಆಮೇಲೆ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಮಾತೇ ಆಡದವನ ಮನೆಗೆ ಬಂದು ಏನು ಮಾಡುವುದು ಎಂದುಕೊಂಡರೋ ಏನೋ. ಮಗಳು ಯಾಮಿನಿ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದಳು, ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

2020ರ ಬೇಸಿಗೆಯಲ್ಲಿ, ಯಾರೂ ಯಾರ ಮನೆಯೊಳಗೂ ಕಾಲಿಡದಿದ್ದಾಗ, ಶಿವಬಸಪ್ಪನಿಗೆ ಆ ಯೋಚನೆ ಹೊಳೆಯಿತು. ಮರಕ್ಕೊಂದು ಕಟ್ಟೆ ಕಟ್ಟಿದರೆ? ಊರಲ್ಲಿ ಕಟ್ಟೆಯಿದ್ದ ಕಡೆ ಜನ ತಾವಾಗಿ ಬಂದು ಕೂರುತ್ತಿದ್ದರು, ಯಾರೂ ಕರೆಯಬೇಕಿರಲಿಲ್ಲ. ನೆರೆಯವರು ಹುಲ್ಲಿನ ಅಂಚಿಗೆ, ಹೂವಿನ ಪಾತಿಗೆ ಕಾಂಕ್ರೀಟಿನ ಅಂಚು ಹಾಕಿಸಿದ್ದನ್ನು ನೋಡಿದ್ದ. ಇದು ಅದಕ್ಕಿಂತ ಸ್ವಲ್ಪ ಅಗಲ, ಸ್ವಲ್ಪ ಎತ್ತರ, ಅಷ್ಟೇ. ತೆಳು ಹಲಗೆಗಳನ್ನು ಬಾಗಿಸಿ ಮರದ ಸುತ್ತ ಅಚ್ಚು ನಿಲ್ಲಿಸಿದ. ಒಳಗೆ ಮೊಣಕಾಲೆತ್ತರ ಕೆಂಪು ಮಣ್ಣು ತುಂಬಿ, ಕಬ್ಬಿಣದ ಜಾಲರಿ ಹಾಸಿ, ಬುಡಕ್ಕೆ ಒತ್ತಿಕೊಂಡೇ ಕಾಂಕ್ರೀಟು ಸುರಿದ. ಕರಣೆಯಿಂದ ಮೇಲ್ಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿ, ಒದ್ದೆ ಗೋಣಿತಟ್ಟು ಹೊದೆಸಿ, ಹೊತ್ತುಹೊತ್ತಿಗೆ ನೀರುಣಿಸಿದ. ಕೂಸಿಗೂ ಇಷ್ಟು ಆರೈಕೆ ಸಿಗುವುದಿಲ್ಲ.

ಕಟ್ಟೆ ಕೆಲಸ ಮಾಡಿತು. ಅದು ಅವನ ಬಾಳಿನ ಕಡೆಯ ಒಳ್ಳೆಯ ಕಾಲ ಎನ್ನಬೇಕು. ಅದೇ ಬೀದಿಯ ಮೈಸೂರಿನ ಹರಿಪ್ರಸಾದ ಮೊದಲು ಬಂದ. "ಸಾರ್, ಸೂಪರ್ ಆಗಿದೆ. ಇನ್ಮೇಲೆ ಸಂಡೇ ಇಲ್ಲೇ ಫಿಕ್ಸ್ ಮಾಡ್ಕೊಳ್ಳೋಣ," ಎಂದ. ಅವನ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು. ಮಾಸ್ಕು ಹಾಕಿಕೊಂಡು ಅಂತರ ಬಿಟ್ಟು ಕೂತರೂ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಶಿವಬಸಪ್ಪ ಚಹಾ ಮಾಡಲು ಕಲಿತ. ಅರುವತ್ತರ ವಯಸ್ಸಿನಲ್ಲಿ ಹರಟಲೂ ಕಲಿತ.

ಕೋವಿಡ್ ಇಳಿಯಿತು, ಮನೆಗಳ ಬಾಗಿಲು ತೆರೆದವು, ಎಲ್ಲರಿಗೂ ಎಲ್ಲಿಗೋ ಹೋಗುವ ಅವಸರ ಹತ್ತಿಕೊಂಡಿತು. ಮಕ್ಕಳ ಸಾಕರ್, ಪಿಕ್ನಿಕ್, ಡಾನ್ಸ್ ಕ್ಲಾಸು. ಹರಿಪ್ರಸಾದ ಕೆಲಸ ಬದಲಿಸಿ ಶಾರ್ಲೆಟ್‌ಗೆ ಹೋದ. ಮರದ ನೆತ್ತಿಯಲ್ಲಿ ಎಲೆ ವಿರಳವಾದದ್ದೂ ಆಗಲೇ. ಬಿಸಿಲು ಜಾಸ್ತಿ ಎಂದುಕೊಂಡು ಶಿವಬಸಪ್ಪ ಕಟ್ಟೆಯ ಸುತ್ತ ಇನ್ನಷ್ಟು ನೀರು ಬಿಟ್ಟ.

2023ರ ವಸಂತದಲ್ಲಿ ಯಾಮಿನಿ ಬಂದವಳು ಹಿತ್ತಲಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದಳು.

"ಅಪ್ಪಾ, ಮರ ಸಿಕ್ ಆಗಿದೆ. ಬೇರಿಗೆ ಏರ್ ಬೇಕು. ನೀನು ಫುಲ್ ಕ್ಲೋಸ್ ಮಾಡಿದ್ದೀಯ."

"ಊರಾಗ ಎಲ್ಲಾ ಗಿಡಕ್ಕೂ ಕಟ್ಟಿ ಇರ್ತಾವವ್ವಾ."

"ಅದು ಬೇರೆ ಮರ, ಅಪ್ಪಾ. ನಾನು ಮರದ ಎಕ್ಸ್‌ಪರ್ಟ್ ಒಬ್ಬರಿಗೆ ಈಗಷ್ಟೇ ಫೋಟೋ ಕಳಿಸಿ ಕೇಳಿದೆ. ಈಗಲೇ ಒಡೆದು ಮಣ್ಣು ತೆಗೆದ್ರೆ ಉಳಿಯಬಹುದು ಅಂದ್ರು. ಪ್ಲೀಸ್. ಅದು ಅಮ್ಮಂದು."

ಒಡೆಯುತ್ತೇನೆ ಎಂದ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ಸುತ್ತಿಗೆಯನ್ನೂ ತಂದಿಟ್ಟ. ಆದರೆ ಕೈ ಬರಲಿಲ್ಲ. ಕಟ್ಟೆ ಹೋದರೆ ಜನ ಬಂದು ಕೂರುವುದೆಲ್ಲಿ? ಗಣೇಶ ಚೌತಿಗೆ ಯಾರಾದರೂ ಬಂದಾರು, ಅದಾದ ಮೇಲೆ ಒಡೆದರಾಯಿತು ಎಂದುಕೊಂಡ. ಚೌತಿಗೆ ಬರಲಿಲ್ಲ. ದೀಪಾವಳಿಗೆ ಬಂದಾರು ಎಂದುಕೊಂಡ. ಮಗಳು ಫೋನಿನಲ್ಲಿ "ಒಡೆದ್ಯಾ?" ಎಂದಾಗ "ಹೂಂ, ಒಡದೆ," ಎಂದುಬಿಟ್ಟ. ಅವಳು ಖುಷಿಯಿಂದ ಅತ್ತಳು. ಆ ಅಳು ಕೇಳಿದ ಮೇಲೆ ನಿಜ ಹೇಳುವ ಧೈರ್ಯ ಅವನಿಗೆ ಉಳಿಯಲಿಲ್ಲ. ಪ್ರತಿ ಭಾನುವಾರ ಕಟ್ಟೆ ಗುಡಿಸುತ್ತಿದ್ದ, ಮೇಲೆ ಮಾತ್ರ ನೋಡುತ್ತಿರಲಿಲ್ಲ.

ಮುಂದಿನ ವರ್ಷ ಅರ್ಧ ಮರ ಚಿಗುರಲಿಲ್ಲ. 2025ರಲ್ಲಿ ಒಂದೆಲೆಯೂ ಬರಲಿಲ್ಲ. ಕೊಂಬೆಯೊಂದು ಮುರಿದು ಪಕ್ಕದ ಮನೆಯ ಬೇಲಿಯ ಮೇಲೆ ಬಿತ್ತು. ಕಡಿಸಿ ಎಂದು ಕಾಲೊನಿಯವರು ಹೇಳಿಕಳಿಸಿದರು. ಕಡಿಸುವ ದಿನ ನಾನೂ ಇರಬೇಕು ಎಂದು ಯಾಮಿನಿ ಹೊರಟಳು. ಬೇಡ ಎಂದು ಶಿವಬಸಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಕಟ್ಟೆ ಒಡೆದರೂ ಮರ ಉಳಿಯಲಿಲ್ಲ ಪಾಪ ಎಂದು ದಾರಿಯುದ್ದಕ್ಕೂ ಅಪ್ಪನಿಗಾಗಿಯೇ ಮರುಗುತ್ತ ಬಂದಿದ್ದಳು.

ಹಿತ್ತಲ ಬಾಗಿಲು ತೆರೆದವಳು ಅಲ್ಲೇ ನಿಂತಳು. ಬೋಳು ಮರದ ಕುತ್ತಿಗೆಗೆ ಬಿಗಿದಂತೆ ಕಟ್ಟೆ ಇದ್ದ ಹಾಗೇ ಇತ್ತು. ಬೆಳಗ್ಗೆಯಷ್ಟೇ ಗುಡಿಸಿದ್ದು, ಮೇಲೊಂದು ಕಡ್ಡಿಯೂ ಇರಲಿಲ್ಲ.

"ಅಪ್ಪಾ, ಒಡೆದೆ ಅಂದಿದ್ದೆ."

"ಯಾರರ ಬಂದರ ಕೂಡಾಕ ಬೇಕಾಗತದಂತ ಇಟ್ಟೆ ಯವ್ವಾ."

ಅವಳು ಬೈಯಬಹುದಿತ್ತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಅಪ್ಪನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಯಾರು ಬಂದ್ರು, ಅಪ್ಪಾ?"

ಒಂದಾದರೂ ಹೆಸರು ಸಿಕ್ಕೀತೆಂದು ಆ ಎರಡು ವರ್ಷಗಳನ್ನು ಶಿವಬಸಪ್ಪ ಮನಸ್ಸಿನಲ್ಲೇ ತಡಕಾಡಿದ. ಗೇಟಿನಾಚೆ ಗರಗಸದವರ ಲಾರಿ ಬಂದು ನಿಂತ ಸದ್ದಾಯಿತು. ಅವನು ಇನ್ನೂ ಹುಡುಕುತ್ತಲೇ ಇದ್ದ.